ಒಂಟಿಯಾಗಿರುವ ಸೋದರತ್ತೆಗೆ ಯಾವ ವಿದ್ಯುತ್ ದರ ಯೋಜನೆ ಸರಿಹೋಗುತ್ತದೆ?

ನಿಮ್ಮ ಸೋದರತ್ತೆ ಸಣ್ಣ ಪಿಂಚಣಿಯಲ್ಲಿ ಒಬ್ಬರೇ ಬದುಕುತ್ತಿದ್ದಾರೆ, ಅವರಿರುವ ಕಡೆ ಹಲವು ಕಂಪನಿಗಳು ಮನೆಬಳಕೆಯ ವಿದ್ಯುತ್ತನ್ನು ಬೇರೆ ಬೇರೆ ದರದಲ್ಲಿ ಮಾರುತ್ತವೆ, ಅವರಿಗೆ ಕಡಿಮೆ ಖರ್ಚಿನ ಯೋಜನೆಯನ್ನು ಆರಿಸಿಕೊಡುವುದು ಹೇಗೆ ಎಂದು ಕೇಳಿದ್ದೀರಿ. ನನ್ನ ದೊಡ್ಡಮ್ಮನಿಗಾಗಿ ನಾನು ಇದೇ ಕೆಲಸವನ್ನು ಎರಡು ಸಲ ಮಾಡಿದ್ದೇನೆ. ಮೊದಲ ಸಲ ಲೆಕ್ಕ ಸರಿಯಿದ್ದರೂ ಆಯ್ಕೆ ತಪ್ಪಾಯಿತು. ಆ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದೆಂಬ ಕಾರಣಕ್ಕೆ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ದರಪಟ್ಟಿಗಳನ್ನು ತೆರೆಯುವ ಮೊದಲು ಅತ್ತೆಯವರ ಹಿಂದಿನ 12 ತಿಂಗಳ ಬಿಲ್ಲುಗಳನ್ನು ಒಟ್ಟುಮಾಡಿಕೊಳ್ಳಿ. ಒಂದೆರಡು ತಿಂಗಳ ಬಿಲ್ಲು ಸಾಲದು, ಏಕೆಂದರೆ ಚಳಿಗಾಲದ ಬಳಕೆಗೂ ಬೇಸಿಗೆಯ ಬಳಕೆಗೂ ಎರಡು ಮೂರು ಪಟ್ಟು ವ್ಯತ್ಯಾಸವಿರಬಹುದು. ಬಿಲ್ಲಿನಲ್ಲಿ ಹಣದ ಮೊತ್ತವನ್ನಲ್ಲ, ಯೂನಿಟ್‌ಗಳನ್ನು ಬರೆದುಕೊಳ್ಳಿ. ಪ್ರತಿ ತಿಂಗಳೂ ಒಂದೇ ಮೊತ್ತ ಬ್ಯಾಂಕಿನಿಂದ ಕಡಿತವಾಗುತ್ತಿದ್ದರೆ ಅದು ಕಂಪನಿ ಅಂದಾಜಿಸಿದ ಕಂತೇ ಹೊರತು ಆ ತಿಂಗಳ ನಿಜವಾದ ಖರ್ಚಲ್ಲ. ಹಾಗೆಯೇ ರೀಡಿಂಗ್‌ನ ಪಕ್ಕದಲ್ಲಿ ‘ಅಂದಾಜು’ ಎಂಬ ಗುರುತಿದೆಯೇ ಎಂದು ನೋಡಿ. ಇದ್ದರೆ, ಮೀಟರಿನ ಈಗಿನ ಅಂಕಿಯನ್ನು ನೀವೇ ಓದಿ, ಕಂಪನಿಗೆ ತಿಳಿಸಿ, ಬಿಲ್ಲನ್ನು ಸರಿಪಡಿಸಿಕೊಳ್ಳದೆ ಮುಂದಿನ ಹೆಜ್ಜೆ ಇಡಬೇಡಿ. ತಪ್ಪು ಅಂಕಿಯ ಮೇಲೆ ಮಾಡಿದ ಹೋಲಿಕೆಯಿಂದ ಯಾವ ಪ್ರಯೋಜನವೂ ಇಲ್ಲ.

ಸಾಮಾನ್ಯವಾಗಿ ಬಿಲ್ಲಿಗೆ ಎರಡು ಭಾಗಗಳಿರುತ್ತವೆ. ಒಂದು, ದೀಪ ಹಚ್ಚಿದರೂ ಹಚ್ಚದಿದ್ದರೂ ದಿನಕ್ಕಿಷ್ಟು ಎಂದು ಕೊಡಬೇಕಾದ ನಿಗದಿತ ಶುಲ್ಕ. ಇನ್ನೊಂದು, ಬಳಸಿದ ಪ್ರತಿ ಯೂನಿಟ್‌ನ ಬೆಲೆ. ಜಾಹೀರಾತುಗಳು ಇವುಗಳಲ್ಲಿ ಕಡಿಮೆಯಿರುವುದನ್ನೇ ದೊಡ್ಡ ಅಕ್ಷರದಲ್ಲಿ ತೋರಿಸುತ್ತವೆ. ಉದಾಹರಣೆಗೆ, ಹಣದ ಹೆಸರು ಯಾವುದಾದರೂ ಇರಲಿ, ಮೊದಲನೆಯ ಯೋಜನೆಯಲ್ಲಿ ದಿನದ ಶುಲ್ಕ 60, ಯೂನಿಟ್‌ಗೆ 20 ಎಂದೂ ಎರಡನೆಯದರಲ್ಲಿ ದಿನದ ಶುಲ್ಕ 30, ಯೂನಿಟ್‌ಗೆ 24 ಎಂದೂ ಇಟ್ಟುಕೊಳ್ಳೋಣ. ನಿಗದಿತ ಶುಲ್ಕಗಳ ವ್ಯತ್ಯಾಸವಾದ 30ನ್ನು ಯೂನಿಟ್ ದರಗಳ ವ್ಯತ್ಯಾಸವಾದ 4ರಿಂದ ಭಾಗಿಸಿದರೆ 7.5 ಬರುತ್ತದೆ. ದಿನಕ್ಕೆ ಸರಾಸರಿ 7.5 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಎರಡನೆಯದು, ಹೆಚ್ಚು ಬಳಸುವವರಿಗೆ ಮೊದಲನೆಯದು ಲಾಭ. ಬಳಕೆ ಹೆಚ್ಚಿದಂತೆ ಯೂನಿಟ್ ದರವೂ ಏರುವ ಹಂತಗಳ ಪದ್ಧತಿ ನಿಮ್ಮಲ್ಲಿದ್ದರೆ ಈ ಭಾಗಾಕಾರವೊಂದೇ ಸಾಲದು. ಪ್ರತಿ ತಿಂಗಳ ಯೂನಿಟ್‌ಗಳನ್ನು ಹಂತ ಹಂತವಾಗಿ ಗುಣಿಸಿ ಕೂಡಬೇಕಾಗುತ್ತದೆ.

ನಾನು ಎಡವಿದ್ದು ಇಲ್ಲಿಯೇ. ದೊಡ್ಡಮ್ಮನ ಬಿಲ್ಲುಗಳು ದಿನಕ್ಕೆ ಸರಾಸರಿ 4 ಯೂನಿಟ್, ಎಂದರೆ ವರ್ಷಕ್ಕೆ 1,460 ಯೂನಿಟ್ ತೋರಿಸುತ್ತಿದ್ದವು. ಮೇಲಿನ ಅಂಕಿಗಳಲ್ಲೇ ಹೇಳುವುದಾದರೆ, ಮೊದಲ ಯೋಜನೆಯಲ್ಲಿ ವರ್ಷಕ್ಕೆ 51,100, ಎರಡನೆಯದರಲ್ಲಿ 45,990. ಕಡಿಮೆ ನಿಗದಿತ ಶುಲ್ಕದ ಎರಡನೆಯದನ್ನು ಮಾಡಿಸಿಕೊಟ್ಟು, ಕೆಲಸ ಮುಗಿಯಿತೆಂದು ನೆಮ್ಮದಿಯಿಂದ ಇದ್ದೆ. ಆ ಚಳಿಗಾಲದಲ್ಲಿ ಒಂದು ಸಂಜೆ ಮುನ್ಸೂಚನೆ ಕೊಡದೆ ಅವರ ಮನೆಗೆ ಹೋದಾಗ, ಹೀಟರ್ ಆರಿಸಿ, ಎರಡು ಕಂಬಳಿ ಹೊದ್ದು, ಕತ್ತಲಿನಲ್ಲಿ ಕುಳಿತಿದ್ದರು. ಬಿಲ್ಲಿನ ಭಯದಿಂದ ವರ್ಷಗಳಿಂದಲೂ ಹೀಗೆಯೇ ಕಳೆಯುತ್ತಿದ್ದಾರೆಂದು ಅಂದು ತಿಳಿಯಿತು. ನಾನು ಅವರ ಬಳಕೆ ಎಂದು ಬರೆದುಕೊಂಡಿದ್ದು ಅವರ ಅಗತ್ಯವನ್ನಲ್ಲ, ಅವರ ಭಯವನ್ನು. ಅಷ್ಟೇ ಅಲ್ಲ, ಯೂನಿಟ್ ದರ ಹೆಚ್ಚಿರುವ ಯೋಜನೆಗೆ ಸೇರಿಸಿ, ಹೀಟರ್ ಹಾಕುವ ಪ್ರತಿ ಗಂಟೆಯನ್ನೂ ಅವರ ಪಾಲಿಗೆ ನಾನೇ ಇನ್ನಷ್ಟು ದುಬಾರಿ ಮಾಡಿದ್ದೆ.

ವಯಸ್ಸಾದಂತೆ ದೇಹಕ್ಕೆ ತನ್ನ ಶಾಖವನ್ನು ಕಾಯ್ದುಕೊಳ್ಳುವ ಶಕ್ತಿ ಕುಗ್ಗುತ್ತದೆ; ತಣ್ಣಗಿನ ಕೋಣೆಯಲ್ಲಿ ರಕ್ತದೊತ್ತಡ ಏರುತ್ತದೆ, ಉಸಿರಾಟದ ತೊಂದರೆಗಳು ಹೆಚ್ಚುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ವಸತಿ ಮತ್ತು ಆರೋಗ್ಯದ ಮಾರ್ಗಸೂಚಿಯು ಚಳಿಗಾಲವಿರುವ ಪ್ರದೇಶಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಸೂಚಿಸುತ್ತದೆ, ವೃದ್ಧರಿಗೆ ಅದಕ್ಕಿಂತ ಹೆಚ್ಚೇ ಬೇಕಾಗಬಹುದೆನ್ನುತ್ತದೆ. ಬಿಸಿಲಿನ ನಾಡಿನಲ್ಲಿ ಫ್ಯಾನನ್ನೋ ಕೂಲರನ್ನೋ ಆರಿಸಿ ಕೂರುವ ಹಿರಿಯರ ಸ್ಥಿತಿಯೂ ಇಷ್ಟೇ ಅಪಾಯದ್ದು. ಆದ್ದರಿಂದ ಅತ್ತೆಯವರ ಹಳೆಯ ಯೂನಿಟ್‌ಗಳನ್ನು ಬರೆದುಕೊಂಡ ಮೇಲೆ, ಅವರು ಆರೋಗ್ಯವಾಗಿರಲು ಎಷ್ಟು ಬೇಕು ಎಂಬ ಎರಡನೆಯ ಅಂಕಿಯನ್ನೂ ಅದರ ಪಕ್ಕದಲ್ಲಿ ಬರೆಯಿರಿ, ಹೋಲಿಕೆಯನ್ನು ಎರಡಕ್ಕೂ ಮಾಡಿ. ದೊಡ್ಡಮ್ಮನಿಗೆ 1,000 ವ್ಯಾಟ್‌ನ ಹೀಟರ್ ಬೆಳಗ್ಗೆ 4 ಗಂಟೆ, ಸಂಜೆ 6 ಗಂಟೆ ಬೇಕಿತ್ತು. 1,000 ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್, ಆದ್ದರಿಂದ ಅದಕ್ಕೆ ದಿನಕ್ಕೆ 10 ಯೂನಿಟ್. ಚಳಿಯ 150 ದಿನ 14 ಯೂನಿಟ್, ಉಳಿದ 215 ದಿನ 4 ಯೂನಿಟ್ ಎಂದರೆ ವರ್ಷಕ್ಕೆ 2,960. ಈಗ ಮೊದಲ ಯೋಜನೆಗೆ 81,100, ಎರಡನೆಯದಕ್ಕೆ 81,990. ಮೊತ್ತದಲ್ಲಿ ವ್ಯತ್ಯಾಸ ಸಣ್ಣದೇ. ಆದರೆ ಸ್ವಿಚ್ ಒತ್ತುವ ಮುನ್ನ ಹಿಂಜರಿಯುವವರಿಗೆ ಗಂಟೆಗೆ 24ರ ಬದಲು 20 ಎಂಬುದು ಬಹಳ ದೊಡ್ಡ ಮಾತು.

ಈ ಲೆಕ್ಕದಲ್ಲಿ ಇನ್ನೊಂದು ಸತ್ಯವೂ ಕಾಣುತ್ತದೆ. ಬೆಚ್ಚಗಿರಲು ತಗಲುವ ಹೆಚ್ಚುವರಿ ಖರ್ಚನ್ನು ಯಾವ ದರ ಯೋಜನೆಯೂ ಪೂರ್ತಿ ತುಂಬಿಕೊಡುವುದಿಲ್ಲ. ಅದನ್ನು ತುಂಬಬೇಕಾದದ್ದು ರಿಯಾಯಿತಿ ಮತ್ತು ಸಹಾಯಧನ. ಕಡಿಮೆ ವರಮಾನದವರಿಗೆ, ಪಿಂಚಣಿದಾರರಿಗೆ, ಆಮ್ಲಜನಕದ ಯಂತ್ರದಂಥ ವೈದ್ಯಕೀಯ ಉಪಕರಣ ಬಳಸುವವರಿಗೆ ಎಂದು ಸರ್ಕಾರದ್ದೋ ಕಂಪನಿಯದ್ದೋ ನೆರವು ಹಲವು ದೇಶಗಳಲ್ಲಿದೆ. ಆದರೆ ಅರ್ಜಿ ಹಾಕದೆ ತಾನಾಗಿ ಬರುವುದು ಎಲ್ಲ ಕಡೆಯೂ ಇಲ್ಲ. ಕಂಪನಿ ಬದಲಿಸುವ ಮುನ್ನ, ಈಗ ಸಿಗುತ್ತಿರುವ ರಿಯಾಯಿತಿ ಹೊಸ ಕಂಪನಿಯಲ್ಲೂ ಮುಂದುವರಿಯುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ನನ್ನ ಅನುಭವದಲ್ಲಿ ಒಂದು ಅರ್ಜಿಯಿಂದ ಆದ ಉಪಕಾರ ಎರಡು ದರಪಟ್ಟಿಗಳ ಹೋಲಿಕೆಗಿಂತ ಹೆಚ್ಚಿನದು. ಹಳೆಯ ಬಾಕಿ ಇದ್ದರೆ ಬದಲಾವಣೆಗೆ ತಡೆಯಾಗಬಹುದು, ಅದನ್ನು ಕಂತುಗಳಲ್ಲಿ ತೀರಿಸುವ ಮಾತುಕತೆಯನ್ನು ಮೊದಲು ಮುಗಿಸಿ.

ಉಳಿತಾಯದ ವಿಷಯದಲ್ಲಿ ಅತ್ತೆಯವರಿಗೆ ಒಂದು ಅಂಕಿಯನ್ನು ದಯವಿಟ್ಟು ಹೇಳಿ. 10 ವ್ಯಾಟ್‌ನ ಎಲ್‌ಇಡಿ ದೀಪ 100 ಗಂಟೆ ಉರಿದರೆ ಒಂದು ಯೂನಿಟ್. 2,000 ವ್ಯಾಟ್‌ನ ಹೀಟರ್ ಅರ್ಧ ಗಂಟೆಗೇ ಅಷ್ಟು ಬಳಸುತ್ತದೆ. ಇಡೀ ರಾತ್ರಿ ಪಡಸಾಲೆಯ ದೀಪ ಉರಿದರೂ ಯೂನಿಟ್‌ನ ಹತ್ತನೆಯ ಒಂದು ಭಾಗ. ಅದನ್ನು ಉಳಿಸಲು ಕತ್ತಲಲ್ಲಿ ನಡೆದು ಬಿದ್ದು ಸೊಂಟ ಮುರಿದುಕೊಳ್ಳುವ ವಯಸ್ಸು ಅವರದಲ್ಲ. ದೀಪಗಳನ್ನು ಬಿಟ್ಟು, ಕಿಟಕಿ ಬಾಗಿಲುಗಳ ಸಂದಿ ಮುಚ್ಚುವುದಕ್ಕೆ, ಅವರು ಹೆಚ್ಚು ಹೊತ್ತು ಇರುವ ಒಂದೇ ಕೋಣೆಯನ್ನು ಚೆನ್ನಾಗಿ ಬೆಚ್ಚಗಿಡುವುದಕ್ಕೆ ಗಮನ ಕೊಡಿ.

ರಾತ್ರಿ ಅಗ್ಗ, ಹಗಲು ದುಬಾರಿ ಎನ್ನುವ ಸಮಯಾಧಾರಿತ ಯೋಜನೆಗಳನ್ನು ನಾನು ಹಿರಿಯರಿಗೆ ಸುಲಭವಾಗಿ ಸೂಚಿಸುವುದಿಲ್ಲ. ಶಾಖ ಸಂಗ್ರಹಿಸುವ ಹೀಟರ್ ಇದ್ದರೆ, ಇಲ್ಲವೇ ನೀರು ಕಾಯಿಸುವ ತೊಟ್ಟಿ ಟೈಮರ್‌ನಿಂದ ತಾನಾಗಿ ನಡೆಯುತ್ತಿದ್ದರೆ ಅದು ಒಳ್ಳೆಯದು; ಹಾಗಿಲ್ಲದೆ ಹಗಲೆಲ್ಲ ಮನೆಯಲ್ಲೇ ಇರುವವರಿಗೆ ನಷ್ಟವೇ ಹೆಚ್ಚು. ದರ ಎಷ್ಟು ತಿಂಗಳು ಸ್ಥಿರವಾಗಿರುತ್ತದೆ, ಆರಂಭದ ರಿಯಾಯಿತಿ ಮುಗಿದ ಮೇಲೆ ಎಷ್ಟಾಗುತ್ತದೆ, ನಡುವೆ ಬಿಟ್ಟರೆ ದಂಡವೆಷ್ಟು ಎಂಬ ಮೂರನ್ನು ಒಪ್ಪಂದದಲ್ಲಿ ಹುಡುಕಿ ಓದಿ. ಹೋಲಿಕೆಯ ಜಾಲತಾಣಗಳಲ್ಲಿ ಕೆಲವು, ಕಂಪನಿಗಳಿಂದ ಕಮಿಷನ್ ಪಡೆಯುವುದರಿಂದ, ಎಲ್ಲ ಯೋಜನೆಗಳನ್ನೂ ತೋರಿಸುವುದಿಲ್ಲ. ವಿದ್ಯುತ್ ನಿಯಂತ್ರಣ ಆಯೋಗವೇ ನಡೆಸುವ ತಾಣವಿದ್ದರೆ ಅಲ್ಲಿಂದ ಆರಂಭಿಸಿ.

ಇದೆಲ್ಲವನ್ನೂ ಅವರ ಪಕ್ಕದಲ್ಲಿ ಕುಳಿತು ಮಾಡಿ. ಕಂಪನಿಯವರು ಹೇಗೂ ಅವರ ಒಪ್ಪಿಗೆಯಿಲ್ಲದೆ ನಿಮ್ಮೊಡನೆ ಮಾತನಾಡುವುದಿಲ್ಲ. ದೊಡ್ಡಮ್ಮನಿಗಿದ್ದ ದೊಡ್ಡ ಆತಂಕ ಕಂಪನಿ ಬದಲಿಸುವ ದಿನ ಕರೆಂಟು ಹೋಗುತ್ತದೆ ಎಂಬುದು. ಅದೇ ತಂತಿ, ಅದೇ ಮೀಟರು, ಬಿಲ್ಲು ಕಳಿಸುವವರಷ್ಟೇ ಬೇರೆ ಎಂದು ವಿವರಿಸಿದ ಮೇಲೆ ಅವರೇ ಕನ್ನಡಕ ಹಾಕಿಕೊಂಡು ಎರಡು ಹಾಳೆಗಳನ್ನೂ ಓದಿ, ಸಹಿ ಮಾಡಿದರು. ಬದಲಾವಣೆಯ ದಿನ ಮೀಟರಿನ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ, ಒಪ್ಪಂದ ಮುಗಿಯುವ ತಾರೀಖಿಗೆ ಒಂದು ತಿಂಗಳು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಚಳಿ ಶುರುವಾದ ಮೇಲಿನ ಮೊದಲ ಬಿಲ್ಲು ಬಂದಾಗ ಯೂನಿಟ್‌ಗಳು ಏರಿವೆಯೇ ನೋಡಿ. ಏರದಿದ್ದರೆ, ಹೀಟರ್ ಹಾಕುತ್ತಿದ್ದೀರಾ ಎಂದು ಫೋನಿನಲ್ಲಿ ಕೇಳುವ ಬದಲು ಒಂದು ಸಂಜೆ ಅವರ ಮನೆಗೆ ಹೋಗಿ ಬನ್ನಿ.