ಆರ್‌ಸಿ ಕರ್ನಲ್ ಹಾಕಿ ಡೆಸ್ಕ್‌ಟಾಪ್‌ಗೆ ಬೈಯಬೇಡಿ

ಸರ್, ಸ್ವಲ್ಪ ತಡೀರಿ. ಡಿಸ್ಟ್ರೋ (ನೀವು ಹಾಕಿಕೊಂಡಿರುವ ಲಿನಕ್ಸ್ ಸಿಸ್ಟಮ್) ಮತ್ತೆ ಇನ್‌ಸ್ಟಾಲ್ ಮಾಡೋಕೆ ಹೋಗಬೇಡಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಆರ್‌ಸಿ2, ಅಂದ್ರೆ ಅಂತಿಮ ಬಿಡುಗಡೆಗೆ ಮೊದಲಿನ ಎರಡನೇ ಪರೀಕ್ಷಾ ಆವೃತ್ತಿ, ಕಂಪೈಲ್ ಮಾಡಿ ಹಾಕಿದ ಮೇಲೆ ಸೌಂಡ್ ಸೆಟ್ಟಿಂಗ್‌ನಲ್ಲಿ ಬರೀ "ಡಮ್ಮಿ ಔಟ್‌ಪುಟ್" ಇದೆ, ಬ್ರೌಸರ್‌ನಲ್ಲಿ ವಿಡಿಯೋ ಹಾಕಿದರೆ ಫ್ಯಾನ್ ಕಿರುಚುತ್ತೆ, ಅದಕ್ಕೇ ಡೆಸ್ಕ್‌ಟಾಪ್ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೋಲ್ಡರ್ ಪೂರ್ತಿ ಅಳಿಸಿದೆ ಅಂತ ಬರೆದಿದ್ದೀರಿ. ಓದಿ ಹೊಟ್ಟೆ ಉರೀತು, ಯಾಕಂದ್ರೆ ನಾನೂ ಇದೇ ಮಾಡಿದ್ದೆ.

ನನ್ನದೂ ಸೌಂಡೇ. ಮೊದಲು ಸೌಂಡ್ ನೋಡಿಕೊಳ್ಳುವ ಪೈಪ್‌ವೈರ್‌ಗೆ ಬೈದೆ. ಆಮೇಲೆ ಕಾನ್ಫಿಗ್ ಅಳಿಸಿದೆ, ಪ್ಯಾನೆಲ್, ಶಾರ್ಟ್‌ಕಟ್, ಮೇಲ್ ಅಕೌಂಟ್ ಎಲ್ಲ ಹೋಯ್ತು. ಸೌಂಡ್ ಮಾತ್ರ ಬರಲಿಲ್ಲ. ಇಡೀ ಸಿಸ್ಟಮ್ ಹೊಸದಾಗಿ ಹಾಕಿ, ಅದರ ಮೇಲೆ ಮತ್ತೆ ಅದೇ ಆರ್‌ಸಿ ಹಾಕಿದೆ! ರೋಗ ಎಲ್ಲಿಂದ ಬಿಡುತ್ತೆ? ಕೊನೆಗೆ ಕರ್ನಲ್ ಲಾಗ್ ತೆಗೆದಾಗ ಒಂದೇ ಸಾಲು ಕಣ್ಣಿಗೆ ಬಿತ್ತು: ಫರ್ಮ್‌ವೇರ್ ಲೋಡ್ ಫೇಲ್, ಎರರ್ -2. ಫರ್ಮ್‌ವೇರ್ ಅಂದ್ರೆ ಸೌಂಡ್, ಗ್ರಾಫಿಕ್ಸ್ ಚಿಪ್‌ಗಳೊಳಗೆ ಓಡುವ ಪ್ರೋಗ್ರಾಂ. ಮೈನಸ್ ಎರಡು ಅಂದ್ರೆ ಫೈಲ್ ಇಲ್ಲ ಅಂತ. ಆದರೆ ಫರ್ಮ್‌ವೇರ್ ಫೋಲ್ಡರ್‌ನಲ್ಲಿ ನೋಡಿದರೆ ಅದೇ ಹೆಸರಿನ ಫೈಲ್ ಕೂತಿದೆ! ಇನ್ನೆರಡು ರಾತ್ರಿ ಅದರ ಹಿಂದೆ ಹೋಯ್ತು. ಆ ಹೆಸರಿನ ಬಾಲ ನಾನು ಗಮನಿಸಿರಲಿಲ್ಲ, ಕೊನೆಯಲ್ಲಿ ಜೆಡ್‌ಎಸ್‌ಟಿ ಅಂತಿತ್ತು. ಡಿಸ್ಟ್ರೋದವರು ಫರ್ಮ್‌ವೇರ್ ಕಂಪ್ರೆಸ್ ಮಾಡಿ ಇಟ್ಟಿದ್ದಾರೆ, ನಾನು ಬಿಲ್ಡ್ ಮಾಡಿದ ಕರ್ನಲ್‌ನಲ್ಲಿ ಅದನ್ನು ಬಿಚ್ಚುವ ಆಯ್ಕೆಯೇ ಆನ್ ಇಲ್ಲ. ಆ ಒಂದು ಟಿಕ್ ಹಾಕಿ ಮತ್ತೆ ಬಿಲ್ಡ್ ಮಾಡಿದೆ, ಸೌಂಡ್ ಬಂತು.

ನಿಮ್ಮದೂ ಇದೇ ಅಂತ ಆಣೆ ಹಾಕಲ್ಲ. ಹೊಸ ಡ್ರೈವರ್ ಹೊಸ ಫರ್ಮ್‌ವೇರ್ ಫೈಲ್ ಕೇಳ್ತಿರಬಹುದು, ನಿಮ್ಮ ಡಿಸ್ಟ್ರೋ ಪ್ಯಾಕೇಜ್‌ನಲ್ಲಿ ಅದು ಇನ್ನೂ ಬಂದಿರಲ್ಲ. ಹಾಗಿದ್ದರೆ ಪ್ಯಾಕೇಜ್ ಹೊಸದು ಮಾಡಿ. ಗ್ರಾಫಿಕ್ಸ್ ಫರ್ಮ್‌ವೇರ್ ಆದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲೇ ಕರ್ನಲ್ ಬಳಸುವ ಫೈಲ್‌ಗಳ ಕಟ್ಟು) ಕೂಡ ಮತ್ತೆ ಕಟ್ಟಬೇಕು, ಇಲ್ಲಾಂದ್ರೆ ಫೈಲ್ ಇದ್ದೂ ಪ್ರಯೋಜನ ಇಲ್ಲ. ನಿಮ್ಮ ಫ್ಯಾನ್ ಕಿರುಚಾಟಕ್ಕೂ ಇದೇ ಕಾರಣ ಅಂತ ನನ್ನ ಗುಮಾನಿ. ಸಿಸ್ಟಮ್ ಮಾಹಿತಿಯಲ್ಲಿ ಗ್ರಾಫಿಕ್ಸ್ ಎದುರು ಎಲ್‌ಎಲ್‌ವಿಎಂ‌ಪೈಪ್ ಅಂತ ಬರ್ತಿದ್ದರೆ ಜಿಪಿಯು ಮಲಗಿದೆ, ಚಿತ್ರವನ್ನೆಲ್ಲ ಸಿಪಿಯು ಬಿಡಿಸ್ತಿದೆ ಅಂತ ಅರ್ಥ. ಪಾಪ ಬ್ರೌಸರ್ ಏನು ಮಾಡೀತು.

ಆದ್ದರಿಂದ ಮೊದಲು ಮೆಷಿನ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಿಂದ ಹಳೇ ಕರ್ನಲ್‌ಗೆ ಬೂಟ್ ಆಗಿ. ಅಲ್ಲಿ ಎಲ್ಲ ಸರಿ ಇದ್ದರೆ ಡೆಸ್ಕ್‌ಟಾಪ್ ಮುಟ್ಟಲೇಬೇಡಿ. ಕಾನ್ಫಿಗ್ ಮೇಲೆ ಅಷ್ಟೊಂದು ಅನುಮಾನ ಇದ್ದರೆ ಇನ್ನೊಂದು ಯೂಸರ್ ಅಕೌಂಟ್ ಮಾಡಿ ಲಾಗಿನ್ ಆಗಿ ನೋಡಿ, ಎರಡು ನಿಮಿಷದ ಕೆಲಸ. ಹಳೇ ಕರ್ನಲ್ ತೆಗೆದು ಜಾಗ ಮಾಡ್ಕೊಂಡೆ ಅಂತ ಮಾತ್ರ ಹೇಳಬೇಡಿ ದಯವಿಟ್ಟು. ಬೂಟ್ ಪಾರ್ಟಿಷನ್ ತುಂಬೋದು ಡೀಬಗ್ ಮಾಹಿತಿ ಸಮೇತ ಮಾಡ್ಯೂಲ್ (ಕರ್ನಲ್ ಬೇಕಾದಾಗ ಸೇರಿಸಿಕೊಳ್ಳುವ ಡ್ರೈವರ್‌ನಂಥ ತುಂಡು) ಹಾಕೋದ್ರಿಂದ. ಇನ್‌ಸ್ಟಾಲ್ ಮಾಡುವಾಗಲೇ ಆ ಮಾಹಿತಿ ಸ್ಟ್ರಿಪ್ ಮಾಡಿ, ಅಂದ್ರೆ ಕಿತ್ತುಹಾಕಿ, ಇನಿಟ್‌ರಾಮ್‌ಎಫ್‌ಎಸ್ ಎಷ್ಟು ಇಳಿಯುತ್ತೆ ನೋಡಿ.

ನಿಮ್ಮ ಮೆಷಿನ್‌ಗೆ ಬೇಕಾದಷ್ಟನ್ನೇ ಬಿಲ್ಡ್‌ಗೆ ಆರಿಸುವ ಲೋಕಲ್‌ಮಾಡ್‌ಕಾನ್ಫಿಗ್ ಕಮಾಂಡ್ ಬಳಸಿದ್ರಾ? ಬಿಲ್ಡ್ ಬೇಗ ಆಗುತ್ತೆ ನಿಜ, ಆದರೆ ಆ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲ್ ಮಾತ್ರ ಉಳಿಯುತ್ತೆ. ಪೆನ್‌ಡ್ರೈವ್, ಬ್ಲೂಟೂತ್ ಹೆಡ್‌ಸೆಟ್, ವೆಬ್‌ಕ್ಯಾಮ್ ಎಲ್ಲ ಒಮ್ಮೆ ಚುಚ್ಚಿ, ಬಳಸಿ, ಆಮೇಲೆ ಆ ಕಮಾಂಡ್ ಕೊಡಿ. "ಫೈಲ್ ಮ್ಯಾನೇಜರ್‌ನಲ್ಲಿ ಪೆನ್‌ಡ್ರೈವ್ ಕಾಣ್ತಿಲ್ಲ" ಅಂತ ಗುಂಪಿನಲ್ಲಿ ಗೋಳಾಡೋರಲ್ಲಿ ಅರ್ಧ ಜನ ಈ ಗುಂಡಿಗೇ ಬಿದ್ದೋರು.

ಎನ್‌ವಿಡಿಯಾ ಪ್ರೊಪ್ರೈಟರಿ ಡ್ರೈವರ್, ವರ್ಚುವಲ್‌ಬಾಕ್ಸ್, ಜೆಡ್‌ಎಫ್‌ಎಸ್ ಫೈಲ್‌ಸಿಸ್ಟಮ್ ಎಲ್ಲ ಕರ್ನಲ್ ಮರದ, ಅಂದ್ರೆ ಅದರ ಅಧಿಕೃತ ಸೋರ್ಸ್ ಕೋಡ್‌ನ, ಹೊರಗಿನವು. ಕರ್ನಲ್ ಒಳಗಿನ ಎಪಿಐ (ಅವು ಕರ್ನಲ್ ಜೊತೆ ಮಾತಾಡುವ ರೀತಿ) ಬದಲಾದರೆ ಅವುಗಳ ಬಿಲ್ಡ್ ಮುರಿಯುತ್ತೆ. ಆರ್‌ಸಿ ಓಡಿಸೋ ಚಟ ಇದ್ದರೆ ಎಎಂಡಿ ಅಥವಾ ಇಂಟೆಲ್ ಗ್ರಾಫಿಕ್ಸ್ ಇಟ್ಕೊಳ್ಳಿ ಅಂತ ನಾನಂತೂ ಹೇಳೋದು, ಬೇಜಾರಾಗೋರು ಆಗ್ಲಿ. ರೂಟ್, ಅಂದ್ರೆ ಸಿಸ್ಟಮ್ ಕೂತಿರುವ ಜಾಗವೇ, ಜೆಡ್‌ಎಫ್‌ಎಸ್ ಮೇಲಿದ್ದರೆ ಈ ಆಟವೇ ಬೇಡ.

ಇನ್ನೊಂದು, ದಿನದ ಕೆಲಸದ ಲ್ಯಾಪ್‌ಟಾಪ್‌ಗೆ ಆರ್‌ಸಿ1, ಆರ್‌ಸಿ2 ಯಾಕೆ ಸರ್? ಹೊಸ ಕೋಡ್ ಸೇರಿಸುವ ಎರಡು ವಾರದ ಮರ್ಜ್ ವಿಂಡೋದಲ್ಲಿ ಬಂದು ಸುರಿದಿದ್ದೆಲ್ಲ ಹಸಿಹಸಿ ಇರುತ್ತೆ. ಮುಂದೆ ವಾರಕ್ಕೊಂದರಂತೆ ಆರ್‌ಸಿ7ರವರೆಗೆ, ಕೆಲವೊಮ್ಮೆ 8ರವರೆಗೂ ಬರುತ್ತವೆ. ನಾಲ್ಕೋ ಐದೋ ಬರಲಿ ಬಿಡಿ. 2021ರ 5.12-ಆರ್‌ಸಿ1 ನೆನಪಿದೆಯಾ? ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಟ್ಟುಕೊಂಡವರ ಫೈಲ್‌ಸಿಸ್ಟಮ್ ಮೇಲೆ ತಪ್ಪು ಜಾಗದಲ್ಲಿ ಬರೆದುಬಿಡ್ತಿತ್ತು. ಲಿನಕ್ಸ್ ಕರ್ನಲ್ ಸೃಷ್ಟಿಸಿದ ಲೈನಸ್ ಟೊರ್ವಾಲ್ಡ್ಸ್ ಆ ಆವೃತ್ತಿಯ ಟ್ಯಾಗ್ ಹೆಸರಿಗೇ "ಡೋಂಟ್‌ಯೂಸ್" ಅಂತ ಸೇರಿಸಿದರು. ಸ್ವಾಪ್‌ಗೆ ಬೇರೆ ಪಾರ್ಟಿಷನ್ ಇದ್ದವರು ಬಚಾವ್. ಹಾಗಾಗಿ ಬ್ಯಾಕಪ್ ಇನ್ನೊಂದು ಡಿಸ್ಕ್‌ನಲ್ಲಿರಲಿ, ಆ ಡಿಸ್ಕ್ ಮೆಷಿನ್‌ನಿಂದ ಕಳಚಿರಲಿ.

ಫರ್ಮ್‌ವೇರ್ ಅಲ್ಲ ಅಂತ ಖಾತ್ರಿಯಾದರೆ ಬೈಸೆಕ್ಟ್ ಮಾಡಿ, ಅಂದ್ರೆ ಸರಿಯಿದ್ದ ಮತ್ತು ಕೆಟ್ಟ ಆವೃತ್ತಿಗಳ ನಡುವಿನ ಬದಲಾವಣೆಗಳನ್ನ ಪ್ರತಿ ಸುತ್ತಿಗೂ ಅರ್ಧಕ್ಕೆ ಇಳಿಸುತ್ತಾ ಹುಡುಕಿ. ಹನ್ನೆರಡು ಸಾವಿರ ಕಮಿಟ್ (ಬದಲಾವಣೆ) ಇದ್ದರೂ 14 ಸುತ್ತಿಗೆ ಕಳ್ಳ ಸಿಗ್ತಾನೆ. ರಿಪೋರ್ಟ್ ಹಾಕುವ ಮೊದಲು ಹೊರಗಿನ ಮಾಡ್ಯೂಲ್ ತೆಗೆದು ಮತ್ತೊಮ್ಮೆ ಪರೀಕ್ಷಿಸಿ. ಕರ್ನಲ್ "ಟೇಂಟೆಡ್" (ಹೊರಗಿನ ಮಾಡ್ಯೂಲ್ ಬೆರೆತಿದೆ) ಅಂತ ಕಂಡರೆ ಡೆವಲಪರ್‌ಗಳು ಮೊದಲು ಕೇಳೋದೇ ಅದನ್ನ.

ಈಗ ಆರ್‌ಸಿ2ಗೇ ಬೂಟ್ ಆಗಿ ಕರ್ನಲ್ ಲಾಗ್‌ನಲ್ಲಿ "ಫರ್ಮ್‌ವೇರ್" ಅಂತ ಹುಡುಕಿ, ಸಿಕ್ಕ ಸಾಲುಗಳನ್ನ ಹಾಗೇ ಇಲ್ಲಿ ಹಾಕಿ. ಫೋಟೋ ಬೇಡ, ಟೆಕ್ಸ್ಟ್ ಹಾಕಿ.