ಮೇಲೆ ಸಲಹೆ, ಕೆಳಗೆ ಅರ್ಜಿ

ಪ್ರಶ್ನೆ: ಅಮೆರಿಕದ ಹಳೇ ಅಧ್ಯಕ್ಷರಿಗೆ ಜನ ಬರೆದ ಕಾಗದಗಳನ್ನ ಓದ್ತಾ ಇದೀನಿ ಸಾರ್. ಮೂರು ಪ್ಯಾರಾ ದೇಶ ಹೇಗೆ ನಡೆಸ್ಬೇಕು ಅಂತ ಉಪದೇಶ, ಕೊನೇಲಿ ನೋಡಿದ್ರೆ ನನ್ನ ಅಳಿಯನಿಗೆ ಕಸ್ಟಮ್ಸ್‌ನಲ್ಲಿ ಒಂದು ಕೆಲಸ ಕೊಡ್ಸಿ ಅಂತ! ನಾಚಿಕೆ ಅನ್ನೋದೇ ಇರ್ಲಿಲ್ವಾ ಇವ್ರಿಗೆ?

ಉತ್ತರ: ನಾಚಿಕೆ ಯಾಕೆ ಸ್ವಾಮಿ, ಆಗ ಪರೀಕ್ಷೆನೂ ಇಲ್ಲ ಇಂಟರ್‌ವ್ಯೂನೂ ಇಲ್ಲ, ದೂರದ ಬಂದರಲ್ಲಿ ಯಾರು ಯೋಗ್ಯ ಯಾರು ಕಳ್ಳ ಅಂತ ಅಧ್ಯಕ್ಷರಿಗೆ ಗೊತ್ತಾಗೋದೇ ಈ ಕಾಗದಗಳಿಂದ, ಅಂದ್ಮೇಲೆ ಬರೆಯೋನು ನಾನು ವಿಷಯ ತಿಳ್ಕೊಂಡೋನು, ನಿಮ್ಮ ಪಕ್ಷದೋನು ಅಂತ ತೋರಿಸ್ಕೊಳ್ಲೇಬೇಕಲ್ಲ, ಅದಕ್ಕೇ ಆ ಮೂರು ಪ್ಯಾರಾ ಪೀಠಿಕೆ. ಕಸ್ಟಮ್ಸ್ ಅಂದ್ರಲ್ಲ, ಅದೂ ಸುಮ್ನೆ ಅಲ್ಲ. ಆಗಿನ ಕೇಂದ್ರ ಸರ್ಕಾರದ ಆದಾಯದಲ್ಲಿ ಬಹುಪಾಲು ಬಂದರಿನ ಸುಂಕದಿಂದ್ಲೇ ಬರ್ತಿತ್ತು, ಕಲೆಕ್ಟರ್ (ಬಂದರಲ್ಲಿ ಸುಂಕ ವಸೂಲಿ ಮಾಡೋ ಅಧಿಕಾರಿ) ಆದೋನಿಗೆ ಫೀಸಿನಲ್ಲೂ ಪಾಲು.

ಎಲ್ರೂ ವಶೀಲಿಗೆ ಬಗ್ಗಿದ್ರು ಅಂತಲೂ ಅನ್ಕೋಬೇಡಿ. 1789ರಲ್ಲಿ ವಾಷಿಂಗ್ಟನ್ ತಮ್ಮನ ಮಗ ಬುಷ್‌ರಾಡ್ ಸರ್ಕಾರಿ ವಕೀಲನ ಹುದ್ದೆ ಕೇಳಿದಾಗ ದೊಡ್ಡಪ್ಪ ಆಗಲ್ಲ ಅಂದ್ಬಿಟ್ರು, ನಿನಗಿಂತ ಹಿರಿಯ ವಕೀಲರಿದಾರೆ, ಗ್ರೀಕ್ ಪುರಾಣದ ಆ ನೂರು ಕಣ್ಣಿನ ಕಾವಲುಗಾರ ಆರ್ಗಸ್ ನನ್ನನ್ನೇ ನೋಡ್ತಾ ಇದಾನೆ ಅಂತ. (ಹುಡುಗ ಏನೂ ಕಳ್ಕೊಳ್ಲಿಲ್ಲ ಬಿಡಿ, 1798ರಲ್ಲಿ ಮುಂದಿನ ಅಧ್ಯಕ್ಷ ಆಡಮ್ಸ್ ಅವನನ್ನ ಸುಪ್ರೀಂ ಕೋರ್ಟಿಗೇ ಕಳ್ಸಿದ್ರು.)

ನನಗೆ ಮಜಾ ಅನ್ಸೋದು ಮೂರನೇ ಅಧ್ಯಕ್ಷ ಜೆಫರ್ಸನ್ ಕಥೆ. 1801ರಲ್ಲಿ ನ್ಯೂ ಹೇವನ್ ಬಂದರಿನ ಕಲೆಕ್ಟರನ್ನ ತೆಗ್ದು ಸ್ಯಾಮ್ಯುಯೆಲ್ ಬಿಷಪ್ ಅನ್ನೋ ಎಪ್ಪತ್ತು ದಾಟಿದ ಮುದುಕರನ್ನ ಕೂರ್ಸಿದ್ರು. ಊರಿನ ವ್ಯಾಪಾರಿಗಳು ಸಹಿ ಹಾಕಿ ಕಾಗದ ಬರೆದ್ರು, ಇಷ್ಟು ವಯಸ್ಸಾದೋರು ಈ ಕೆಲಸ ಏನ್ ಮಾಡ್ತಾರೆ ಅಂತ. ವಯಸ್ಸು ನೆಪ ಅಷ್ಟೆ. ಮುದುಕರ ಮಗ ಏಬ್ರಹಾಂ ಜೆಫರ್ಸನ್ ಪರ ಗಂಟಲು ಹರ್ಕೊಂಡು ಪ್ರಚಾರ ಮಾಡಿದ್ದ, ಅದು ಎಲ್ರಿಗೂ ಗೊತ್ತಿತ್ತು. ಜೆಫರ್ಸನ್ ಏನಂದ್ರು ಗೊತ್ತಾ? ಇದಕ್ಕಿಂತ ಹೆಚ್ಚು ವಯಸ್ಸಲ್ಲೂ ಹಳೇ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಹೇಗಿದ್ರು ನೋಡಿ ಅಂತ ಒಂದು ಕುಟುಕು, ಆಮೇಲೆ ನಮ್ಮೋರಿಗೂ ಪಾಲು ಸಿಗ್ಬೇಕಾದ್ರೆ ಜಾಗ ಖಾಲಿ ಆಗೋದು ಹೇಗೆ, ಸಾಯೋರು ಕಮ್ಮಿ, ರಾಜೀನಾಮೆ ಕೊಡೋರಂತೂ ಇಲ್ವೇ ಇಲ್ಲ ಅಂತ! ಇಷ್ಟು ಚೆಂದವಾಗಿ ಪಕ್ಷಪಾತ ಸಮರ್ಥಿಸ್ಕೊಂಡೋರನ್ನ ನಾನು ಬೇರೆ ಕಂಡಿಲ್ಲ. 1803ರಲ್ಲಿ ಅಪ್ಪ ತೀರ್ಕೊಂಡ್ರು, ಕುರ್ಚಿ ಯಾರಿಗೆ ಹೋಯ್ತು ಅಂದ್ರೆ ಮಗ ಏಬ್ರಹಾಂಗೇ.

ಪ್ರಶ್ನೆ: ಲಿಂಕನ್‌ಗೆ ಗಡ್ಡ ಬಿಡಿ ಅಂತ ಬರೆದ ಹುಡುಗಿದು ಮಾತ್ರ ನಿಷ್ಕಲ್ಮಶ ಸಲಹೆ ಅಲ್ವಾ?

ಉತ್ತರ: ಕಾಗದ ಪೂರ್ತಿ ಓದಿ ಒಂದ್ಸಲ. 1860ರ ಅಕ್ಟೋಬರ್, ಲಿಂಕನ್ ಇನ್ನೂ ಅಭ್ಯರ್ಥಿ, ಗ್ರೇಸ್ ಬೆಡೆಲ್‌ಗೆ 11 ವರ್ಷ. ನನಗೆ ನಾಲ್ಕು ಜನ ಅಣ್ತಮ್ಮಂದಿರು, ಕೆಲವರು ಹೇಗಿದ್ರೂ ನಿಮಗೇ ಹಾಕ್ತಾರೆ, ನೀವು ಗಡ್ಡ ಬಿಟ್ರೆ ಉಳಿದೋರ ಓಟನ್ನೂ ಕೊಡ್ಸೋಕೆ ನೋಡ್ತೀನಿ ಅಂತ ಬರೆದಿದಾಳೆ ಪುಟ್ಟಿ, ಇದಕ್ಕಿಂತ ಪಕ್ಕಾ ರಾಜಕೀಯ ಬೇಕಾ? ಲಿಂಕನ್ ಏನೂ ಮಾತು ಕೊಡದೆ ಉತ್ತರ ಬರೆದ್ರು, ಆದ್ರೆ ಗಡ್ಡ ಬಿಟ್ರು.

ಮುಂದಿನದು ಬಹಳ ಜನಕ್ಕೆ ಗೊತ್ತಿಲ್ಲ. 1864ರ ಜನವರಿಯಲ್ಲಿ ಅದೇ ಗ್ರೇಸ್ ಮತ್ತೆ ಬರೀತಾಳೆ. ಅಪ್ಪನ ಆಸ್ತಿ ಹೋಗಿದೆ, ಖಜಾನೆ ಇಲಾಖೆಯಲ್ಲಿ ನೋಟು ಕತ್ತರಿಸೋಕೆ ಹುಡುಗೀರನ್ನ ತಗೋತಾರಂತೆ, ನನಗೊಂದು ಕೆಲಸ ಸಿಗುತ್ತಾ ಅಂತ. ಈ ಸಲ ಸಲಹೆ ಇಲ್ಲ, ನೇರ ಅರ್ಜಿ. ಆ ಕಾಗದ ಸರ್ಕಾರಿ ಕಡತದಲ್ಲಿ ಹೂತು 2007ರಲ್ಲಿ ಸಿಕ್ತು. ಅವಳು ಮದ್ವೆ ಆಗಿ ಕ್ಯಾನ್ಸಸ್‌ಗೆ ಹೋಗಿ ನೆಲೆಸಿದ್ಲು.

ಪ್ರಶ್ನೆ: ಹಾಗಾದ್ರೆ ಕೆಲಸ ಕೇಳದೆ ಬರೀ ಬುದ್ಧಿ ಹೇಳಿದೋರು ಒಬ್ರೂ ಇಲ್ವಾ?

ಉತ್ತರ: ಇದಾರೆ, ಆದ್ರೆ ಮೊದ್ಲು ಅದರ ಉಲ್ಟಾ ಗಿರಾಕಿನ ಹೇಳ್ಬಿಡ್ತೀನಿ. ಚಾರ್ಲ್ಸ್ ಗಿಟೊ, ನನ್ನ ಒಂದು ಭಾಷಣದಿಂದ್ಲೇ ಅಧ್ಯಕ್ಷ ಚುನಾವಣೆಯಲ್ಲಿ ಗಾರ್‌ಫೀಲ್ಡ್ ಗೆದ್ದಿದ್ದು ಅಂತ ನಂಬಿ ಪ್ಯಾರಿಸ್ ಕಾನ್ಸಲ್ ಹುದ್ದೆಗೆ ಕಾಗದದ ಮೇಲೆ ಕಾಗದ, ಜೊತೆಗೆ ವಿದೇಶಾಂಗ ಮಂತ್ರಿ ಬ್ಲೇನ್‌ನ ಕಿತ್ತಾಕಿ ಅಂತ ಉಚಿತ ಸಲಹೆ ಬೇರೆ. ಸಿಗ್ಲಿಲ್ಲ, 1881ರ ಜುಲೈ 2ರಂದು ಗಾರ್‌ಫೀಲ್ಡ್ ಮೇಲೇ ಗುಂಡು ಹಾರಿಸ್ದ.

ಅಧ್ಯಕ್ಷರು ಇನ್ನೂ ಹಾಸಿಗೆಯಲ್ಲಿ ಜೀವ ಹಿಡ್ಕೊಂಡಿದ್ದಾಗ್ಲೇ, ಆಗಸ್ಟ್ ಕೊನೇಲಿ, ಜೂಲಿಯಾ ಸ್ಯಾಂಡ್ ಅನ್ನೋ ನ್ಯೂಯಾರ್ಕಿನ ಕಾಯಿಲೆ ಹೆಂಗಸು ಉಪಾಧ್ಯಕ್ಷ ಆರ್ಥರ್‌ಗೆ ಕಾಗದ ಬರೆದ್ಲು, ಪರಿಚಯ ಇಲ್ಲ ಏನಿಲ್ಲ. ಈ ಆರ್ಥರ್ ವಶೀಲಿ ರಾಜಕೀಯದಲ್ಲೇ ಬೆಳೆದೋರು, ನ್ಯೂಯಾರ್ಕ್ ಬಂದರಿನ ಕಲೆಕ್ಟರ್ ಆಗಿದ್ದಾಗ ಆಗಿನ ಅಧ್ಯಕ್ಷ ಹೇಯ್ಸ್ ಕೈಲಿ ವಜಾ ಆದೋರು. ಅವಳು ಮುಲಾಜಿಲ್ದೆ ನೀವು ಬದಲಾಗ್ಬೇಕು ಅಂದ್ಲು. ಒಟ್ಟು 23 ಕಾಗದ, ಯಾವ ಅಳಿಯನ ಹೆಸರೂ ಇಲ್ಲ, ಕೇಳಿದ್ದಂದ್ರೆ ಬಂದು ಮಾತಾಡ್ಸಿ ಹೋಗಿ ಅಂತ. ಗಾರ್‌ಫೀಲ್ಡ್ ತೀರ್ಕೊಂಡ್ಮೇಲೆ ಅಧ್ಯಕ್ಷರಾದ ಆರ್ಥರ್ 1883ರ ಜನವರಿಯಲ್ಲಿ ಪೆಂಡಲ್‌ಟನ್ ಕಾಯ್ದೆಗೆ ಸಹಿ ಹಾಕಿದ್ರು, ಕೆಲವು ಹುದ್ದೆಗಳಿಗೆ ಪರೀಕ್ಷೆ ಬಂತು. ಅವಳಿಂದ್ಲೇ ಆಯ್ತು ಅಂತ ನಾನು ಹೇಳಲ್ಲ, ಗಾರ್‌ಫೀಲ್ಡ್ ಸಾವಿನಿಂದ ಜನ ರೊಚ್ಚಿಗೆದ್ದಿದ್ರು. ಆದ್ರೆ ಸಾಯೋ ಮುಂಚೆ ಆರ್ಥರ್ ತಮ್ಮ ಕಾಗದಪತ್ರ ರಾಶಿರಾಶಿ ಸುಡ್ಸಿದ್ರು, ಅವಳದು ಉಳೀತು.

1882ರ ಆಗಸ್ಟಲ್ಲಿ ಒಂದಿನ ನಿಜವಾಗ್ಲೂ ಆಕೆ ಮನೆಗೆ ಹೋಗಿದ್ರು ಕೂಡ. ಇಷ್ಟೆಲ್ಲಾ ಧೈರ್ಯವಾಗಿ ಬರೆದೋಳು ಅಧ್ಯಕ್ಷರು ಒಳಗೆ ಬಂದಿದ್ದು ನೋಡಿ ಪರದೆ ಹಿಂದೆ ಅವಿತ್ಕೊಂಡ್ಲಂತೆ.