ನೀರು ಹಿಡಿದು ಇಳಿದರೆ ಊರು ಸಿಗುತ್ತದೆಯೇ?

ಪ್ರಿಯರೇ,

ನಿಮ್ಮ ‘ಕಾಡಿನ ಮಡಿಲಲ್ಲಿ ನಾವಿಬ್ಬರೇ’ ಲೇಖನ ಓದಿದೆ. ಅಕ್ಟೋಬರ್ ಕೊನೆಯ ವಾರ ಗೆಳೆಯನ ಜೊತೆ ಪಶ್ಚಿಮ ಘಟ್ಟದ ಬಿಸಿಲೆಯ ಕಡೆಯಿಂದ ಹೊರಟು, ದಾರಿಯಿಲ್ಲದ ಕಾಡಿನಲ್ಲಿ ನಾಲ್ಕು ದಿನ ನಡೆದು, ಹಳ್ಳ ಹಿಡಿದು ಇಳಿದು, ಕುಮಾರಧಾರೆ ಹೊಳೆ ದಾಟಿ ಸುಬ್ರಹ್ಮಣ್ಯ ಸೇರಿದ ಕಥನ. ಭಾಷೆ ಹದವಾಗಿದೆ. ಇಂಬಳದ (ಕಾಡಿನ ಜಿಗಣೆಯ) ಪ್ಯಾರಾ ತುಂಬ ಚೆನ್ನಾಗಿದೆ; ಸಾಕ್ಸಿನ ನೇಯ್ಗೆಯ ಸಂದಿಯಲ್ಲಿ ತೂರುವಾಗ ಅದು ನೂಲಿನಷ್ಟು ತೆಳ್ಳಗಾಗುವುದನ್ನು ಕಣ್ಣಾರೆ ಕಂಡವರು ಮಾತ್ರ ಹಾಗೆ ಬರೆಯಬಲ್ಲರು. ಆದರೂ ಲೇಖನವನ್ನು ಈಗಿರುವ ಹಾಗೆ ಅಚ್ಚು ಹಾಕಲಾರೆ. ಕಾರಣಗಳು ನಿಮಗೊಬ್ಬರಿಗೇ ಹೇಳಿ ಮುಗಿಸುವಂಥವಲ್ಲ, ಹಾಗಾಗಿ ನಿಮ್ಮ ಹೆಸರು ಬಿಟ್ಟು ಇಲ್ಲಿಯೇ ಉತ್ತರಿಸುತ್ತಿದ್ದೇನೆ.

ನನ್ನನ್ನು ಕೆರಳಿಸಿದ್ದು ಈ ಸಾಲು: “ನೀರು ಹಿಡಿದು ಇಳಿದರೆ ಊರು ಸಿಕ್ಕೇ ಸಿಗುತ್ತದೆ ಎಂಬ ಹಿರಿಯರ ಮಾತು ನಂಬಿ ಹಳ್ಳಕ್ಕೆ ಇಳಿದೆವು.”

ಬಯಲುಸೀಮೆಯಲ್ಲಿ ಆ ಮಾತು ನಿಜ. ಅಲ್ಲಿ ಹಳ್ಳ ಕೆರೆಗೆ ಸೇರುತ್ತದೆ, ಏರಿಯ ಆಚೆ ಗದ್ದೆ, ಗದ್ದೆಯ ಆಚೆ ಊರು. ಘಟ್ಟದ ಪಡುವಣ ಮುಖದಲ್ಲಿ ಅದೇ ಮಾತು ಜೀವ ತೆಗೆಯುತ್ತದೆ. ನೀವು ಹೊರಟ ನೆಲವನ್ನೇ ನೋಡಿ. ಮಂಕನಹಳ್ಳಿಯ ಬಳಿ ನೀರು ಎರಡಾಗುವ ದಿಣ್ಣೆ ಇದೆ. ಮೂಡಣ ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿಗೆ ಸೇರಿ, ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣ ಮಗ್ಗುಲಿನದು ಕುಮಾರಧಾರೆಗೆ ಬಿದ್ದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರ ಸೇರುತ್ತದೆ. ಮೂಡಣದ ನೀರಿಗೆ ಮುಂದೆ ನೂರಾರು ಕಿಲೋಮೀಟರ್ ಹಾದಿ ಇದೆ. ಪಡುವಣದ್ದು ಕೆಲವೇ ಕಿಲೋಮೀಟರಿನೊಳಗೆ ನೂರಾರು ಮೀಟರ್ ಕೆಳಗಿಳಿಯಬೇಕು. ಅದು ಸಮನಾಗಿ ಇಳಿಯುವುದಿಲ್ಲ. ಸ್ವಲ್ಪ ದೂರ ಮಟ್ಟಸವಾಗಿ ಹರಿದು, ಗುಂಡಿ ಕಟ್ಟಿ, ಹಾಸುಬಂಡೆಯ ಅಂಚಿಗೆ ಬಂದು ಒಮ್ಮೆಲೇ ಬೀಳುತ್ತದೆ. ಮತ್ತೆ ಮಟ್ಟಸ, ಮತ್ತೆ ಅಬ್ಬಿ.

ಮೊದಲ ಅಬ್ಬಿ ಎಂಟಡಿ ಇರುತ್ತದೆ. ಚೀಲ ಕೆಳಗೆ ಎಸೆದು ಬಂಡೆಯ ಮೇಲೆ ಜಾರಿಕೊಂಡು ಇಳಿಯುತ್ತೀರಿ. ಎರಡನೆಯದು ಹನ್ನೆರಡಡಿ, ಮರದ ಬೇರು ಹಿಡಿದು ಇಳಿಯುತ್ತೀರಿ. ಮೂರನೆಯದು ಅರವತ್ತಡಿ. ಕೆಳಗೆ ಹೋಗುವಂತಿಲ್ಲ. ವಾಪಸು ಹತ್ತೋಣವೆಂದರೆ ನೀವು ಜಾರಿ ಬಂದ ಬಂಡೆಗೆ ಹಾವಸೆ ಕಟ್ಟಿದೆ, ಕಾಲು ನಿಲ್ಲುವುದಿಲ್ಲ. ಎಡಕ್ಕೂ ಬಲಕ್ಕೂ ಕಡಿದಾದ ಬರೆ. ಫೋನಿಗೆ ಸಿಗ್ನಲ್ ಇಲ್ಲ, ಕೂಗಿದರೆ ನೀರಿನ ಸದ್ದಿನಲ್ಲಿ ಕೇಳುವುದಿಲ್ಲ. ಘಟ್ಟದ ಹಳ್ಳಗಳಲ್ಲಿ ಜನ ಸಿಕ್ಕಿಬೀಳುವುದು ಹೀಗೆಯೇ. ಮತ್ತೆ ಹತ್ತಲು ಬರುತ್ತದೆ ಎಂಬ ಖಾತ್ರಿ ಇಲ್ಲದ ಕಡೆ ಇಳಿಯಬಾರದು. ನಿಮ್ಮ ಲೇಖನದಲ್ಲಿ ಈ ಎಚ್ಚರ ಒಂದು ಸಾಲೂ ಇಲ್ಲ.

ಅದರ ಮುಂದಿನ ಸಾಲು: “ನಕ್ಷೆಯಲ್ಲಿ ಅಬ್ಬಿಯ ಗುರುತೇ ಇರಲಿಲ್ಲ, ಆದರೆ ಪ್ರಕೃತಿ ನಕ್ಷೆಯನ್ನು ಕೇಳಿ ಹುಟ್ಟಿದ್ದಲ್ಲವಲ್ಲ!”

ಇಲ್ಲಿ ಉದ್ಗಾರ ಚಿಹ್ನೆ ಹಾಕಿ ಮುಂದೆ ಹೋಗಿಬಿಟ್ಟಿದ್ದೀರಿ. ಓದುಗನಿಗೆ ಬೇಕಾದ ವಿಷಯ ಇರುವುದೇ ಇಲ್ಲಿ. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಒಂದೇ ಎತ್ತರದ ಜಾಗಗಳನ್ನು ಕೂಡಿಸಿ ಎಳೆದ ಗೆರೆಗಳು ಅದರಲ್ಲಿರುತ್ತವೆ; ಒಂದು ಗೆರೆಗೂ ಮುಂದಿನದಕ್ಕೂ ಎತ್ತರದಲ್ಲಿ 20 ಮೀಟರ್ ವ್ಯತ್ಯಾಸ. ಹಾಗಾದರೆ 15 ಮೀಟರಿನ ಅಬ್ಬಿಯೊಂದು ಎರಡು ಗೆರೆಗಳ ನಡುವೆ ಪೂರ್ತಿ ಅಡಗಿ ಕೂರಬಹುದು. ಹದಿನೈದು ಮೀಟರ್ ಎಂದರೆ ಐದು ಅಂತಸ್ತಿನ ಎತ್ತರ. ಫೋನಿನ ಆ್ಯಪುಗಳಲ್ಲಿ ಕಾಣುವ ಗೆರೆಗಳನ್ನಂತೂ ಬಹುಪಾಲು ಉಪಗ್ರಹ, ಬಾಹ್ಯಾಕಾಶ ನೌಕೆಗಳಿಂದ ಅಳೆದ ಎತ್ತರದ ಚೌಕಗಳಿಂದ ಎಳೆದಿರುತ್ತಾರೆ. ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ, ದಟ್ಟ ಕಾಡಿನಲ್ಲಿ ಅದು ಅಳೆಯುವುದು ಹೆಚ್ಚಾಗಿ ಮರಗಳ ತಲೆಯನ್ನು. ಹಳ್ಳದ ಕೊರಕಲು ಅದರಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ನಕ್ಷೆ ನೋಡುವವರು ಅಬ್ಬಿಯ ಗುರುತು ಹುಡುಕುವುದಿಲ್ಲ, ಹಳ್ಳವನ್ನು ದಾಟುವ ಗೆರೆಗಳು ಎಷ್ಟು ಒತ್ತೊತ್ತಾಗಿವೆ ಎಂದು ನೋಡುತ್ತಾರೆ. ಒಂದು ಸೆಂಟಿಮೀಟರಿನಲ್ಲಿ ಹತ್ತು ಗೆರೆ ಇದ್ದರೆ ಅರ್ಧ ಕಿಲೋಮೀಟರಿಗೆ 200 ಮೀಟರ್ ಇಳಿತ. ಅಂಥ ಕಡೆ ಹಳ್ಳದಲ್ಲಿ ಅಬ್ಬಿ ಇದೆ ಎಂದೇ ಇಟ್ಟುಕೊಂಡು ದಾರಿ ಹುಡುಕಬೇಕು. ಇದನ್ನು ನೀವು ಬರೆದಿದ್ದರೆ ಆ ಪುಟಕ್ಕೆ ತೂಕ ಬರುತ್ತಿತ್ತು.

“ಬಂಡೆಯಿಂದ ಬಂಡೆಗೆ ಜಿಂಕೆಗಳಂತೆ ನೆಗೆಯುತ್ತ” ಎಂಬುದನ್ನು ಹೊಡೆದು ಹಾಕಿದ್ದೇನೆ. ಬೆನ್ನ ಮೇಲೆ ನಾಲ್ಕು ದಿನದ ಅಕ್ಕಿ, ಟೆಂಟು, ಹಗ್ಗ ಎಲ್ಲ ಸೇರಿ ಹನ್ನೆರಡು ಹದಿಮೂರು ಕಿಲೋ ಇದ್ದವರು ಅಕ್ಟೋಬರಿನ ಹಳ್ಳದಲ್ಲಿ ನೆಗೆಯುವುದಿಲ್ಲ. ಬಿಸಿಲು ಬಿದ್ದು ಒಣಗಿದ ಬೂದುಬಣ್ಣದ ಬಂಡೆ ಹಿಡಿಯುತ್ತದೆ. ನೀರು ಜಿನುಗುವ ಕಪ್ಪು ಪಟ್ಟೆ ಜಾರುತ್ತದೆ. ಹಸಿರು ಹಾವಸೆ ಇನ್ನೂ ಜಾರುತ್ತದೆ. ಎಲೆ ಮುಚ್ಚಿದ ಕಲ್ಲಿನ ಕೆಳಗೆ ಏನಿದೆ ಎಂದು ಕೋಲು ಊರಿಯೇ ತಿಳಿಯಬೇಕು. ನೀವು ಗಂಟೆಗೆ ಅರ್ಧ ಕಿಲೋಮೀಟರ್ ಕೂಡ ಹೋಗಿರಲಾರಿರಿ. ಆ ನಿಧಾನವನ್ನು ಬರೆಯಿರಿ.

ಇನ್ನು ಹೊಳೆ. ನಿಮ್ಮ ಸಾಲು: “ಇಬ್ಬರೂ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಕೈಕೈ ಹಿಡಿದು, ಎದೆಮಟ್ಟದ ಭೋರ್ಗರೆವ ನೀರನ್ನು ದಾಟಿ ಆಚೆ ದಡ ಸೇರಿದೆವು.”

ಈ ಒಂದು ವಾಕ್ಯದಲ್ಲಿ ಮೂರು ತಪ್ಪುಗಳಿವೆ. ಎದೆಮಟ್ಟದ ಹರಿವಿನಲ್ಲಿ ಚೀಲ ಹೊತ್ತ ಮನುಷ್ಯನನ್ನು ನೀರು ಎತ್ತುತ್ತದೆ. ಪಾದ ತಳಕ್ಕೆ ತಾಗಿದರೂ ಭಾರ ಕೂರುವುದಿಲ್ಲ. ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ನೀರಿಗೆ ಕಡ್ಡಿಯೊಂದನ್ನು ಎಸೆದು ದಡದಲ್ಲಿ ಅದರ ಜೊತೆ ನಡೆಯಿರಿ. ನಿಮ್ಮ ನಡಿಗೆಗಿಂತ ಕಡ್ಡಿ ಮುಂದೆ ಹೋದರೆ, ನೀರು ಮೊಣಕಾಲು ಮೀರಿದರೆ, ಅಲ್ಲಿ ದಾಟಬಾರದು. ‘ಭೋರ್ಗರೆವ’ ಮತ್ತು ‘ಎದೆಮಟ್ಟ’ ಎರಡೂ ನಿಜವಾಗಿದ್ದರೆ ಈ ಲೇಖನ ನನ್ನ ಕೈಗೆ ಬರುತ್ತಿರಲಿಲ್ಲ. ಒಂದನ್ನು ನೀವು ಸೇರಿಸಿದ್ದೀರಿ ಎಂದು ನನ್ನ ಗುಮಾನಿ.

ಸೊಂಟದ ಹಗ್ಗ ಇದಕ್ಕಿಂತ ಅಪಾಯದ್ದು. ಬಿದ್ದವನನ್ನು ಹಗ್ಗ ಉಳಿಸುತ್ತದೆ ಎಂದು ಓದುಗ ನಂಬುತ್ತಾನೆ. ಹಗ್ಗ ಬಿಗಿಯಾದ ಕೂಡಲೆ ಆತ ಒಂದೇ ಕಡೆ ನಿಂತುಬಿಡುತ್ತಾನೆ, ಮೇಲಿಂದ ಬರುವ ನೀರು ಅವನನ್ನು ಕೆಳಕ್ಕೆ ಅದುಮುತ್ತದೆ. ಒದ್ದೆ ಗಂಟನ್ನು ಆ ಸೆಳವಿನಲ್ಲಿ ಬಿಚ್ಚಲು ಆಗುವುದಿಲ್ಲ. ಇನ್ನೊಂದು ತುದಿಯಲ್ಲಿರುವವನನ್ನೂ ಅದೇ ಹಗ್ಗ ಎಳೆಯುತ್ತದೆ. ಹೊಳೆಗಳನ್ನು ಬಲ್ಲವರು ಮೈಗೆ ಹಗ್ಗ ಕಟ್ಟಿಕೊಳ್ಳುವುದಿಲ್ಲ.

ಕೈಕೈ ಹಿಡಿಯುವುದೂ ಸಾಲದು. ಒದ್ದೆ ಬೆರಳು ಜಾರುತ್ತದೆ. ಇಬ್ಬರು ದಾಟುವುದಾದರೆ ಪರಸ್ಪರ ಚೀಲದ ಭುಜದ ಪಟ್ಟಿಯನ್ನು ಹಿಡಿದುಕೊಳ್ಳಬೇಕು. ಭಾರವಾದವನು, ಗಟ್ಟಿ ಕಾಲಿನವನು ಮೇಲ್ಹರಿವಿನ ಕಡೆ. ಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಮೊದಲೇ ಬಿಚ್ಚಿರಬೇಕು, ಬಿದ್ದರೆ ಚೀಲ ಕಳಚಿ ಹೋಗಲಿ ಎಂದು. ಬೂಟು ಕಾಲಿನಲ್ಲೇ ಇರಬೇಕು. ಬರಿಗಾಲು ಕಲ್ಲಿನ ಸಂದಿಗೆ ಸಿಕ್ಕಿದರೆ ಬೆರಳು ಮುರಿಯುತ್ತದೆ, ನೋವಿಗೆ ಕಾಲೆತ್ತಿದ ಕ್ಷಣವೇ ನೀರು ಕೆಡವುತ್ತದೆ. ಕೋಲನ್ನು ಮೇಲ್ಹರಿವಿನ ಕಡೆ ಊರಿ, ಅದರ ಮೇಲೆ ವಾಲಿ, ಒಮ್ಮೆಗೆ ಒಂದೇ ಪಾದ ಎತ್ತಿ ಓರೆಯಾಗಿ ಕೆಳಕ್ಕೆ ಸಾಗಬೇಕು. ದಾಟುವ ಜಾಗ ಹೊಳೆ ಅಗಲವಾಗಿ ಹರಡಿಕೊಂಡ ಕಡೆ ಇರಬೇಕು. ಇಕ್ಕಟ್ಟಾದ ಕಡೆ ಆಳ, ತಿರುವಿನ ಹೊರಬದಿಯಲ್ಲಿ ಸೆಳವು. ಇಳಿಯುವ ಮೊದಲು ಕೆಳಗೆ ನೂರಿನ್ನೂರು ಹೆಜ್ಜೆ ನಡೆದು ಏನಿದೆ ನೋಡಬೇಕು. ಅಡ್ಡ ಬಿದ್ದ ಮರವಿದ್ದರೆ ಆ ಜಾಗ ಬೇಡವೇ ಬೇಡ. ರೆಂಬೆಗಳ ನಡುವೆ ನೀರು ತೂರಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ.

ದಾಟಿದ್ದು ಯಾವ ಹೊತ್ತಿನಲ್ಲಿ? ನಿಮ್ಮಲ್ಲಿ “ಇಳಿಹೊತ್ತಿನ ಹೊಂಬಣ್ಣ” ಇದೆ, ಅಂದರೆ ಸಂಜೆ. ಅಕ್ಟೋಬರಿನಲ್ಲಿ ಘಟ್ಟದ ಮಳೆ ಬಹಳ ಸಲ ಮಧ್ಯಾಹ್ನದ ಮೇಲೆ ಗುಡುಗಿನೊಂದಿಗೆ ಬರುತ್ತದೆ. ನೀವಿದ್ದಲ್ಲಿ ಬಿಸಿಲಿದ್ದರೂ ಮೇಲೆ ಸುರಿದದ್ದು ಸಂಜೆಗೆ ನಿಮ್ಮ ಕಾಲ ಬಳಿ ಬರುತ್ತದೆ. ತಿಳಿಯಾಗಿದ್ದ ನೀರು ಕಲಕಿ, ಎಲೆಕಡ್ಡಿ ತೇಲತೊಡಗಿದರೆ ದಡ ಬಿಟ್ಟು ಮೇಲೆ ಹೋಗಬೇಕು. ಅಂಚಿನಲ್ಲಿ ಕಲ್ಲೊಂದನ್ನು ಇಟ್ಟು ರಾತ್ರಿ ಕಳೆದು, ಬೆಳಗ್ಗೆ ನೀರು ಕಲ್ಲಿನಿಂದ ಎಷ್ಟು ಹಿಂದೆ ಸರಿದಿದೆ ಎಂದು ನೋಡಿ ದಾಟುವುದು ಕ್ರಮ. ಹೊಂಬಣ್ಣಕ್ಕಾಗಿ ಸಂಜೆಯನ್ನು ತಂದಿದ್ದರೆ ದಯವಿಟ್ಟು ವಾಪಸು ಕಳಿಸಿ.

ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಪ್ರವಾಸ ಲೇಖನ ಬಂದರೆ ನಕ್ಷೆ ಹರಡಿ ಪೆನ್ಸಿಲ್ ಹಿಡಿದು ಕೂರುವರು. “ಎಡದಂಡೆಯೋ ಬಲದಂಡೆಯೋ?” ಎಂಬುದು ಅವರ ಮೊದಲ ಪ್ರಶ್ನೆ. ಹೊಳೆ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಾಗಿನ ಎಡಬಲ ಅದು, ನಡೆಯುವವನದ್ದಲ್ಲ. ಹೊಸಬರಾದ ನಮಗೆ ಅದನ್ನು ಅಲ್ಲೇ ಹೇಳಿಕೊಟ್ಟರು. ಪೆನ್ಸಿಲ್ ಎಲ್ಲಿ ಮುಂದೆ ಹೋಗದೆ ನಿಲ್ಲುತ್ತಿತ್ತೋ ಅಲ್ಲಿ ಅಂಚಿನಲ್ಲಿ ಗೆರೆ ಎಳೆದು ಲೇಖಕರಿಗೆ ಪತ್ರ ಹಾಕಿಸುತ್ತಿದ್ದರು. ವರ್ಣನೆ ದಟ್ಟವಾಗಿದ್ದ ಕಡೆಯಲ್ಲೇ ಸಾಮಾನ್ಯವಾಗಿ ಪೆನ್ಸಿಲ್ ನಿಲ್ಲುತ್ತಿತ್ತು. ನಿಮ್ಮ ಲೇಖನದ ಮೇಲೆ ನಾನೂ ಪೆನ್ಸಿಲ್ ಓಡಿಸಿದೆ. ಎರಡನೇ ದಿನ ಮಧ್ಯಾಹ್ನ ಹಳ್ಳದಲ್ಲಿದ್ದೀರಿ, ಮೂರನೇ ದಿನ ಬೆಳಗ್ಗೆ ಹುಲ್ಲುಗಾವಲಿನ ಏಣಿನ (ಬೆಟ್ಟದಿಂದ ಚಾಚಿದ ಉದ್ದನೆಯ ದಿಣ್ಣೆಯ) ಮೇಲಿದ್ದೀರಿ. ನಡುವೆ ಇರುವುದು “ಕಾಡು ನಮ್ಮನ್ನು ಕೈಹಿಡಿದು ನಡೆಸಿತು” ಎಂಬ ಒಂದು ಸಾಲು.

ಕೈಹಿಡಿದು ನಡೆಸಿದ್ದು ಕಾಡಲ್ಲ. ಲೇಖನದ ಜೊತೆ ಕಳಿಸಿದ ಪತ್ರದಲ್ಲಿ ನೀವೇ ಬರೆದಿದ್ದೀರಿ: ಅರಣ್ಯ ಇಲಾಖೆಯಿಂದ ಅನುಮತಿ ಪಡೆದಿದ್ದಿರಿ, ವಾಚರ್ ಒಬ್ಬರು ನಾಲ್ಕೂ ದಿನ ಜೊತೆಗಿದ್ದರು, ಹಳ್ಳದಲ್ಲಿ ಮುಂದೆ ಹೋಗಲಾರದೆ ನಿಂತಾಗ ಅವರೇ ಪಕ್ಕದ ಏಣಿನ ಮೇಲಕ್ಕೆ ಹತ್ತಿಸಿದರು. ಲೇಖನದಲ್ಲಿ ಆ ಮನುಷ್ಯನೇ ಇಲ್ಲ. ಶೀರ್ಷಿಕೆಯಲ್ಲೇ ‘ನಾವಿಬ್ಬರೇ’. ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಇದರಿಂದ. ಕತ್ತಿ ಹಿಡಿದು ವಾಟೆ ಬಿದಿರು, ಬೆತ್ತದ ಮುಳ್ಳು ಸವರಿ ನಿಮಗೆ ಜಾಗ ಮಾಡಿಕೊಟ್ಟವರನ್ನು ಲೇಖನದಿಂದಲೂ ಸವರಿ ಹಾಕಿದ್ದೀರಿ.

ಅವರನ್ನು ತೆಗೆದ ಕೂಡಲೆ ಲೇಖನದ ತಿರುಳೂ ಹೋಯಿತು. ಯಾಕೆ ಆ ಏಣನ್ನೇ ಆರಿಸಿದರು? ಬಹುಶಃ ಅಲ್ಲಿ ಆನೆದಾರಿ ಇತ್ತು. ಆನೆ ತನ್ನ ಭಾರಕ್ಕೆ ಹಿತವಾದ ಇಳಿಜಾರನ್ನು ಹುಡುಕಿ ನಡೆಯುತ್ತದೆ, ಆ ಜಾಡು ಮನುಷ್ಯನಿಗೂ ಹಗುರ. ಲದ್ದಿ ಹಸಿಯಿದೆಯೇ, ಒಣಗಿದೆಯೇ ಎಂದು ನೋಡಿ ಜಾಡು ಹಿಡಿಯುವುದೋ ಬಿಡುವುದೋ ಎಂದು ತೀರ್ಮಾನಿಸಿರುತ್ತಾರೆ. ಏಣಿನಲ್ಲೂ ಮೋಸವಿದೆ. ಹತ್ತುವಾಗ ಏಣುಗಳೆಲ್ಲ ಒಂದೇ ನೆತ್ತಿಗೆ ಕೂಡುತ್ತವೆ, ತಪ್ಪುವುದು ಕಷ್ಟ. ಇಳಿಯುವಾಗ ಒಂದೊಂದು ಏಣೂ ಕವಲಾಗುತ್ತದೆ. ಕಾಡಿನೊಳಗೆ ಹತ್ತು ಹೆಜ್ಜೆ ಎಡಕ್ಕೆ ವಾಲಿದರೆ ಬೇರೆಯೇ ಕಣಿವೆಗೆ ಇಳಿದಿರುತ್ತೀರಿ. ಪ್ರತಿ ಕವಲಿನಲ್ಲೂ ಆತ ನಿಂತು ಏನು ನೋಡಿದರು, ಯಾವ ಬದಿಯ ನೀರಿನ ಸದ್ದಿಗೆ ಕಿವಿಗೊಟ್ಟರು, ನೀವಿಬ್ಬರು ಫೋನು ನೋಡಿ ಏನಂದಿರಿ, ಯಾರ ಮಾತು ಸರಿಯಾಯಿತು? ದಾರಿಯಿಲ್ಲದ ಕಡೆ ನಡೆದವರು ಹೇಳಬೇಕಾದ್ದು ಇಂಥ ತೀರ್ಮಾನಗಳನ್ನು.

‘ನಾವಿಬ್ಬರೇ’ ಎಂಬುದರಲ್ಲಿ ಇನ್ನೊಂದು ಕೇಡಿದೆ. ಆ ಸುತ್ತಿನಲ್ಲಿ ಮೀಸಲು ಅರಣ್ಯವಿದೆ, ಪಕ್ಕದಲ್ಲೇ ಪುಷ್ಪಗಿರಿ ವನ್ಯಜೀವಿ ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ಪ್ರವೇಶಿಸುವುದು ಅಪರಾಧ. ನೀವು ಕ್ರಮವಾಗಿ ಅನುಮತಿ ಪಡೆದು ಹೋದಿರಿ. ಅದನ್ನು ಮುಚ್ಚಿಟ್ಟ ಲೇಖನ ಓದಿ ಮುಂದಿನ ಶನಿವಾರ ಇಬ್ಬರು ಹುಡುಗರು ಹಗ್ಗ ಕೊಂಡು, ಯಾರನ್ನೂ ಕೇಳದೆ ಅದೇ ಹಳ್ಳಕ್ಕೆ ಇಳಿಯಬಹುದು.

ಸೂರ್ಯೋದಯದ ಪುಟ, ಟೆಂಟಿನ ತತ್ವಚಿಂತನೆ, ಮ್ಯಾಗಿ ಪ್ರಸಂಗ ಇವುಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೊದಲು ಆ ವಾಚರನ್ನು ಭೇಟಿಯಾಗಿ. ಅವರ ಹೆಸರು ಅಚ್ಚಾಗಲು ಒಪ್ಪಿಗೆ ಇದೆಯೇ ಕೇಳಿ. ಬೇಡವೆಂದರೆ ಹೆಸರಿಲ್ಲದೆಯೇ ಅವರು ಲೇಖನದಲ್ಲಿರಲಿ. ನಿಮ್ಮ ಗೆಳೆಯನೂ ಒಂದೆರಡು ಕಡೆ ಬಾಯಿಬಿಡಲಿ, ಎಂಟು ಪುಟದಲ್ಲಿ ಆತ ನಗುವುದು ಬಿಟ್ಟರೆ ಏನೂ ಮಾಡಿಲ್ಲ. ಎರಡನೇ ದಿನದ ಮಧ್ಯಾಹ್ನದಿಂದ ಮೂರನೇ ದಿನದ ಬೆಳಗಿನವರೆಗಿನ ಭಾಗವನ್ನು ನಾಲ್ಕು ಪುಟದಲ್ಲಿ ಬರೆಯಿರಿ. ಹೊಳೆ ದಾಟಿದ ಜಾಗದ ಅಗಲ, ನೀರು ಕಾಲಿನ ಯಾವ ಮಟ್ಟಕ್ಕೆ ಬಂತು, ಯಾವ ದಂಡೆಯಿಂದ ಯಾವ ದಂಡೆಗೆ, ಎಷ್ಟು ಗಂಟೆಗೆ, ಹಗ್ಗವನ್ನು ನಿಜಕ್ಕೂ ಎಲ್ಲಿಗೆ ಕಟ್ಟಿದ್ದಿರಿ ಎಂಬುದನ್ನು ನೆನಪಿದ್ದಷ್ಟು ಬರೆದು, ಕೈಯಿಂದ ಬರೆದ ನಕ್ಷೆಯೊಂದನ್ನು ಜೊತೆಗಿಟ್ಟು ಕಳಿಸಿ. ದಾಟುವ ಆ ವಾಕ್ಯ ಮಾತ್ರ ಯಾವ ರೂಪದಲ್ಲೂ ಬೇರೆಲ್ಲೂ ಪ್ರಕಟವಾಗದಂತೆ ನೋಡಿಕೊಳ್ಳಿ.

ಸಂಪಾದಕ